ಕ್ವಾರಿ ಬ್ಯಾಂಕ್ ಗಿರಣಿ, ಸ್ಟೈಯಲ್: ಮೊದಲು ಮಕ್ಕಳ ಮನೆ ನೋಡಿ, ಆಮೇಲೆ ಗಿರಣಿ

ನಾನು 27 ವರ್ಷ ನೂಲಿನ ಗಿರಣಿಯಲ್ಲಿ ದುಡಿದವನು. ಬದ್ಲಿ ಆಳಾಗಿ (ಬಾರದವರ ಬದಲಿಗೆ ದುಡಿಯುವವನಾಗಿ) ಒಳಹೊಕ್ಕು, ನೂಲು ತೆಗೆಯುವ ರಿಂಗ್‌ಫ್ರೇಮ್ ಯಂತ್ರಗಳ ಖಾತೆಯಲ್ಲಿ ಆಳುಗಳ ಮೇಲಿನ ಜಾಬರ್ ಆಗಿ ಹೊರಬಂದೆ. ಹಾಗಾಗಿ ಮ್ಯಾಂಚೆಸ್ಟರಿನಲ್ಲಿರುವ ಮಗಳು "ಅಪ್ಪಾ, ಇಲ್ಲೇ ಸನೇದಾಗ ಒಂದು ಹಳೇ ಗಿರಣಿ ಐತಿ, ಮ್ಯೂಸಿಯಂ ಮಾಡ್ಯಾರ, ಹೋಗೂಣೇನು?" ಅಂದಾಗ ನನಗೆ ಅಂಥ ಉಮೇದೇನೂ ಇರಲಿಲ್ಲ. ಜೀವಮಾನವೆಲ್ಲ ನೋಡಿದ್ದನ್ನು ಇಲ್ಲಿ ಬಂದು ಟಿಕೆಟ್ ತೆಗೆದು ನೋಡುವುದೇನು ಅನಿಸಿತ್ತು. ಮೊಮ್ಮಗಳಿಗೆ ಶಾಲೆಯಲ್ಲಿ ಇದೇ ಪಾಠ ನಡೆದಿತ್ತು, ಅವಳ ಸಲುವಾಗಿ ಒಪ್ಪಿದೆ. ಅರ್ಧ ದಿನ ಸಾಕು ಅಂದುಕೊಂಡು ಹೋದವರು ಬಾಗಿಲು ಹಾಕುವ ಹೊತ್ತಿನವರೆಗೂ ಅಲ್ಲೇ ಇದ್ದೆವು. ಇಂಗ್ಲೆಂಡಿಗೆ ಮಕ್ಕಳ ಮನೆಗೆಂದು ಬರುವ ನಮ್ಮ ವಯಸ್ಸಿನವರು ಲಂಡನ್ ಸೇತುವೆ, ಬಕಿಂಗ್‌ಹ್ಯಾಮ್ ಅರಮನೆ ನೋಡಿ ಹೋಗುತ್ತಾರೆ. ಒಂದು ದಿನ ಇಲ್ಲಿಗೂ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಜಾಗ ಇರುವುದು ಚೆಶರ್ ಜಿಲ್ಲೆಯ ಸ್ಟೈಯಲ್ ಎಂಬ ಹಳ್ಳಿಯಲ್ಲಿ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ. ತಗ್ಗಿನಲ್ಲಿ ಬಾಲಿನ್ ಹೊಳೆ, ಅದರ ದಂಡೆಗೆ ಕೆಂಪು ಇಟ್ಟಿಗೆಯ ಐದಂತಸ್ತಿನ ಗಿರಣಿ, ಸುತ್ತ ದಟ್ಟ ಗಿಡಗಳು, ಮೇಲೆ ಆಗಾಗ ಹೊಟ್ಟೆ ಕಾಣಿಸುವಷ್ಟು ಕೆಳಗೆ ಹಾರಿಹೋಗುವ ವಿಮಾನಗಳು. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬುವವರು ಕಟ್ಟಿಸಿದ್ದು. 1939ರಲ್ಲಿ ಅದೇ ಮನೆತನದವರು ಇಡೀ ಆಸ್ತಿಯನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟರು. ನೂಲು ಬಟ್ಟೆಯ ವ್ಯಾಪಾರ ಮಾತ್ರ 1959ರವರೆಗೂ ನಡೆದಿತ್ತಂತೆ.

ನಮ್ಮನ್ನು ಕರೆದುಕೊಂಡು ಹೋದ ಟ್ಯಾಕ್ಸಿಯವನು ದೊಡ್ಡ ಗೇಟಿಗೆ ಬಿಡದೆ ಹಳ್ಳಿಯ ಕೊನೆಗೆ ಇಳಿಸಿ ಹೋಗಿಬಿಟ್ಟ. ಮಗಳಿಗೆ ಸಿಟ್ಟು ಬಂತು, ಸಣ್ಣಗೆ ಮಳೆ ಬೇರೆ. ಆದರೆ ಅದರಿಂದ ನಮಗೆ ಒಳ್ಳೆಯದೇ ಆಯಿತು. ಕೆಲಸಗಾರರಿಗೆಂದು ಗ್ರೆಗ್ ಕಟ್ಟಿಸಿದ ಸಾಲು ಮನೆಗಳ ನಡುವೆ, ಓಣಿ ಹಿಡಿದು, ಹೊಲ ದಾಟಿ ಬಂದೆವು. ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ, ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದಾರೆ. ಹಾಗೆ ಬರುವಾಗ ನಮಗೆ ಎದುರಾದದ್ದು ಗಿರಣಿಯಲ್ಲ, ಅಪ್ರೆಂಟಿಸ್ ಹೌಸ್. ಸುಣ್ಣ ಬಳಿದ ದೊಡ್ಡ ಮನೆ, ಮುಂದೆ ಕಾಯಿಪಲ್ಯೆ ತೋಟ. 1790ರಲ್ಲಿ ಇದನ್ನು ಕಟ್ಟಿಸಿದ್ದು ಗಿರಣಿಯಲ್ಲಿ ದುಡಿಯುವ ಮಕ್ಕಳನ್ನು, ಅಂದರೆ ಅಪ್ರೆಂಟಿಸ್‌ಗಳನ್ನು, ಇಟ್ಟುಕೊಳ್ಳಲು.

ನನ್ನ ಮಾತು ಕೇಳುವುದಾದರೆ ನೀವೂ ಇದೇ ಕ್ರಮದಲ್ಲಿ ನೋಡಿ. ಹೆಚ್ಚಿನವರು ನೇರ ಗಿರಣಿಗೆ ಇಳಿಯುತ್ತಾರೆ, ನೀರಿನ ಚಕ್ರ, ಯಂತ್ರ ಎಲ್ಲ ನೋಡಿ ಬೆರಗಾಗುತ್ತಾರೆ, ಕಡೆಗೆ ಕಾಲು ಸೋತಾಗ ಈ ಮನೆಗೆ ಬರುತ್ತಾರೆ. ಮಕ್ಕಳು ಮಲಗುತ್ತಿದ್ದ ಜಾಗ ನೋಡಿಕೊಂಡು ಹೋಗಿ ಯಂತ್ರದ ಮುಂದೆ ನಿಂತರೆ ಯಂತ್ರವೇ ಬೇರೆ ಥರ ಕಾಣುತ್ತದೆ. ಈ ಮನೆಯೊಳಗೆ ಮಾರ್ಗದರ್ಶಿಯ ಜೊತೆ ಮಾತ್ರ ಬಿಡುತ್ತಾರೆ, ಹೊತ್ತು ಗೊತ್ತುಮಾಡಿ ಕೊಡುತ್ತಾರೆ. ಹೋದ ಕೂಡಲೇ ಅದನ್ನು ವಿಚಾರಿಸಿಕೊಳ್ಳಿ.

ನಮಗೆ ತೋರಿಸಿದವರು ನನ್ನ ವಾರಿಗೆಯ ಹೆಂಗಸು. ಗಂಟಲೆತ್ತಿ ನಾಟಕ ಮಾಡಲಿಲ್ಲ, ಮನೆಗೆ ಬಂದವರಿಗೆ ಮನೆ ತೋರಿಸುವ ಹಾಗೆ ತೋರಿಸಿದರು. ಮೊದಲು ಅವರು ಕೇಳಿದ್ದು: ಊರಿನ ಮಕ್ಕಳಿರುವಾಗ ಹೊರಗಿನಿಂದ ಮಕ್ಕಳನ್ನು ಏಕೆ ತಂದರು? ಉತ್ತರ ನನಗೆ ಗೊತ್ತಿತ್ತು, ಗಿರಣಿಯವನಿಗೆ ಗೊತ್ತಿರಲೇಬೇಕು. ಆಗ ಯಂತ್ರ ತಿರುಗಬೇಕೆಂದರೆ ಹರಿಯುವ ನೀರು ಬೇಕಿತ್ತು. ನೀರು ಇದ್ದಲ್ಲಿ ಊರಿರಲಿಲ್ಲ. ಗೋಕಾಕ ಫಾಲ್ಸ್‌ನ ಗಿರಣಿ ಘಟಪ್ರಭೆಯ ದಂಡೆಗೆ ಹೋಗಿ ಕೂತದ್ದೂ ಇದೇ ಕಾರಣಕ್ಕೆ, ಇದಾಗಿ ನೂರು ವರ್ಷದ ಮೇಲೆ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಕ್ರೋಮ್‌ಫರ್ಡ್‌ನಲ್ಲಿ ನೀರಿನಿಂದ ನಡೆದು ಯಶಸ್ವಿಯಾದ ಮೊದಲ ಹತ್ತಿ ಗಿರಣಿ ಹಾಕಿದಾಗಿನಿಂದ ಎಲ್ಲರದೂ ಒಂದೇ ಪಾಡು: ಹೊಳೆ ಇದೆ, ಆಳಿಲ್ಲ. ಹೊಲದಲ್ಲಿ ದುಡಿದವರಿಗೆ ಗಂಟೆ ಹೊಡೆದಾಗ ಒಳಗೆ ಹೋಗಿ ಗಂಟೆ ಹೊಡೆಯುವವರೆಗೂ ಹೊರಗೆ ಬರದೆ ಇರುವ ಕೆಲಸ ಬೇಡವಾಗಿತ್ತು. ಅದೇ ಹೊತ್ತಿಗೆ ಲಿವರ್‌ಪೂಲ್, ಲಂಡನ್‌ನಂಥ ಊರುಗಳ ಅನಾಥಾಲಯಗಳಲ್ಲಿ, ಬಡವರನ್ನು ದುಡಿಸಿಕೊಂಡು ಊಟ ಸೂರು ಕೊಡುವ ವರ್ಕ್‌ಹೌಸುಗಳಲ್ಲಿ ಮಕ್ಕಳು ತುಂಬಿದ್ದರು. ಸಾಕುವ ಖರ್ಚು ತಪ್ಪಲಿ ಎಂದು ಅಲ್ಲಿಯವರೇ ಮೇಲೆ ಒಂದಿಷ್ಟು ದುಡ್ಡು, ಎರಡು ಜೊತೆ ಬಟ್ಟೆ ಕೊಟ್ಟು ಮಕ್ಕಳನ್ನು ಗಿರಣಿಗೆ ಒಪ್ಪಿಸುತ್ತಿದ್ದರು. ಕರಾರು ಪತ್ರ ಆಗುತ್ತಿತ್ತು. ವಯಸ್ಸಿಗೆ ಬರುವವರೆಗೂ ಅನ್ನ, ಬಟ್ಟೆ, ಸೂರು. ಸಂಬಳ ಇಲ್ಲ.

ಈ ಒಂದು ಮನೆಯಲ್ಲಿ ಒಮ್ಮೆಗೆ 90ರಷ್ಟು ಮಕ್ಕಳು ಇರುತ್ತಿದ್ದರು, ಅವರಲ್ಲಿ ಹುಡುಗಿಯರೇ ಹೆಚ್ಚು. ಬೆಳಿಗ್ಗೆ 6ಕ್ಕೆ ಗಿರಣಿಯಲ್ಲಿರಬೇಕು. ದಿನಕ್ಕೆ ಹತ್ತಿರ ಹತ್ತಿರ 12 ತಾಸು ಕೆಲಸ, ವಾರಕ್ಕೆ ಆರು ದಿನ. ಬೆಳಗಿನ ಗಂಜಿಯನ್ನು ಗಟ್ಟಿಯಾಗಿ ಕಾಸಿ ಯಂತ್ರದ ಹತ್ತಿರಕ್ಕೇ ತರುತ್ತಿದ್ದರು, ಮಕ್ಕಳು ಅದನ್ನು ಅಂಗೈಯಲ್ಲೇ ಹಿಡಿದು ತಿನ್ನುತ್ತಿದ್ದರು. ಅಡುಗೆಮನೆಯಲ್ಲಿ ಇದನ್ನು ಹೇಳುವಾಗ ಆ ಹೆಂಗಸು ತಮ್ಮ ಅಂಗೈ ಚಾಚಿ ತೋರಿಸಿದರು. ನಮ್ಮಲ್ಲಿ ಮುದ್ದೆ ಹಾಗೇ ತಿನ್ನುತ್ತಾರೆ, ಅದರಲ್ಲಿ ಸೋಜಿಗವೇನಿಲ್ಲ. ಆದರೆ ಎದುರಿಗೆ ಅರಳೆಯ ಧೂಳು ಹಾರುವಾಗ ತಿನ್ನುವುದು ಎಂದರೆ ಏನು ಅಂತ ನನಗೆ ಗೊತ್ತು. ನಮ್ಮ ಖಾತೆಯಲ್ಲಿ ಬುತ್ತಿಯ ಗಂಟು ಬಿಚ್ಚಿದರೆ ರೊಟ್ಟಿಯ ಮೇಲೆ ಎರಡು ನಿಮಿಷಕ್ಕೆ ಬಿಳಿ ನವಿರು ಕೂರುತ್ತಿತ್ತು. ಊದಿ ತಿನ್ನುತ್ತಿದ್ದೆವು.

ಮೇಲಿನ ಮಲಗುವ ಕೋಣೆಯಲ್ಲಿ ಕಟ್ಟಿಗೆಯ ಮಂಚಗಳಿವೆ, ಒಂದಕ್ಕೆ ಇಬ್ಬರು ಮಲಗಬೇಕು. ಬೇರೆಯವರು ಮುಂದೆ ಹೋದ ಮೇಲೆ ನಾನು ಮಂಚದ ಅಗಲವನ್ನು ಗೇಣು ಹಾಕಿ ಅಳೆದೆ. ನಾಲ್ಕು ಗೇಣು ತುಂಬಲಿಲ್ಲ. ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗ. ಮಾರ್ಗದರ್ಶಿ ಮೊಮ್ಮಗಳನ್ನು ಕರೆದು ವಯಸ್ಸು ಕೇಳಿದರು. ಒಂಬತ್ತು ಅಂದಳು. "ಹಾಗಾದರೆ ನಿನ್ನನ್ನು ತೆಗೆದುಕೊಳ್ಳುತ್ತಿದ್ದರು" ಅಂದರು. ಮಗು ನಕ್ಕಳು, ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡಳು.

ಇಲ್ಲಿಂದ ಓಡಿಹೋದ ಇಬ್ಬರು ಹುಡುಗರ ಕಥೆಯನ್ನು ಆ ಕೋಣೆಯಲ್ಲೇ ಹೇಳುತ್ತಾರೆ. ಥಾಮಸ್ ಪ್ರೀಸ್ಟ್ಲಿಗೆ 13 ವರ್ಷ, ಜೋಸೆಫ್ ಸೆಫ್ಟನ್‌ಗೆ 17. 1806ರಲ್ಲಿ ಇಬ್ಬರೂ ಲಂಡನ್ನಿನ ಹ್ಯಾಕ್ನಿಯವರೆಗೆ, ಹೆಚ್ಚುಕಡಿಮೆ 300 ಕಿಲೋಮೀಟರ್, ಹೋದರು. ಅಲ್ಲಿ ಸಿಕ್ಕಿಬಿದ್ದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟರು. ಆ ಹೇಳಿಕೆ ಉಳಿದಿದೆ. ಓದಿದರೆ ಅದರಲ್ಲಿ ಮಾಲೀಕರ ಮೇಲೆ ದೂರು ಇಲ್ಲ. ಕೋಣೆ ಚೊಕ್ಕಟವಾಗಿತ್ತು, ತಿಂಗಳಿಗೊಮ್ಮೆ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದರು, ಭಾನುವಾರ ಹಂದಿಮಾಂಸ ಆಲೂಗಡ್ಡೆ ಇರುತ್ತಿತ್ತು, ಹೊಟ್ಟೆ ತುಂಬ ಕೊಡುತ್ತಿದ್ದರು ಎಂದೇ ಹೇಳಿದ್ದಾರೆ. ಥಾಮಸನ ಎಡಗೈ ತೋರುಬೆರಳು ಚಕ್ರಕ್ಕೆ ಸಿಕ್ಕು ಕಿತ್ತುಹೋಗಿತ್ತು. ಡಾಕ್ಟರು ನೋಡಿದರು, ಆರು ವಾರದಲ್ಲಿ ಗಾಯ ಮಾಯಿತು ಎನ್ನುವುದನ್ನೂ ಅಷ್ಟೇ ಸಮಾಧಾನದಿಂದ ಹೇಳಿದ್ದಾನೆ. ಹಾಗಾದರೆ ಓಡಿದ್ದೇಕೆ? ಅಮ್ಮನನ್ನು ನೋಡಬೇಕಿತ್ತು.

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನಮ್ಮ ಅಜ್ಜ ನೆನಪಾದ.

ಅಜ್ಜ ಇಂಡಿ ತಾಲೂಕಿನ ಹಳ್ಳಿಯವನು. ಬರಗಾಲದಲ್ಲಿ ಹತ್ತು ವರ್ಷದವನಿದ್ದಾಗ ಸೋದರಮಾವನ ಹಿಂದೆ ಸೊಲ್ಲಾಪುರಕ್ಕೆ ಹೋಗಿ ಅಲ್ಲಿನ ಒಂದು ಗಿರಣಿಗೆ ಸೇರಿದ. 1915ರ ಸುಮಾರಿನ ಮಾತು. ಬ್ರಿಟಿಷರ ಕಾರ್ಖಾನೆ ಕಾಯ್ದೆ ಆಗ ಇತ್ತು. 1881ರಲ್ಲಿ ಏಳು ವರ್ಷದೊಳಗಿನವರು ಬೇಡ ಎಂದಿದ್ದರು, 1891ರಲ್ಲಿ ಅದನ್ನು ಒಂಬತ್ತು ಮಾಡಿದರು, 1911ರಲ್ಲಿ ಜವಳಿ ಗಿರಣಿಯ ಮಕ್ಕಳಿಗೆ ದಿನಕ್ಕೆ ಆರೇ ತಾಸು ಎಂದರು. (ಮುಂಬೈ ಗಿರಣಿಗಳ ನೂಲು ತಮಗೆ ಪೈಪೋಟಿ ಕೊಡುತ್ತದೆ ಎಂದು ಇಲ್ಲಿಯೇ ಪಕ್ಕದ ಲ್ಯಾಂಕಶೈರ್ ಜಿಲ್ಲೆಯ ಗಿರಣಿ ಮಾಲೀಕರು ಆ ಮೊದಲ ಕಾಯ್ದೆಗೆ ಒತ್ತಾಯ ಮಾಡಿದ್ದರು. ನಮ್ಮ ಮಕ್ಕಳ ಮೇಲಿನ ಕರುಣೆ ಒಂದೇ ಅಲ್ಲ ಅದು.) ಅಜ್ಜ ಹೇಳುತ್ತಿದ್ದ: "ದವಾಖಾನಿ ಸಾಹೇಬ ಬಾಯಿ ತಗಿ ಅಂದ, ಹಲ್ಲು ನೋಡಿದ, ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ. ಆತು, ಒಂಬತ್ತು ತುಂಬೇತಿ ಅಂತ ಚೀಟಿ ಕೊಟ್ಟ." ಎಷ್ಟು ಸಲ ಕೇಳಿದ್ದೇನೋ ಆ ಮಾತು. ಚೀಟಿ ಸಿಕ್ಕಿದ್ದು ಅವನಿಗೆ ಆಗ ಖುಷಿಯೇ ಆಗಿತ್ತು. ಮೊದಲ ದೀಪಾವಳಿಗೆ ಊರಿಗೆ ಬಂದಾಗ ಅವನ ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅದನ್ನು ಅಜ್ಜ ಒಂದೇ ಸಲ ಹೇಳಿದ.

ಈ ಮನೆಯಲ್ಲೂ ಡಾಕ್ಟರ ಕೋಣೆ ಇದೆ. ಪೀಟರ್ ಹಾಲೆಂಡ್ ಎಂಬ ಡಾಕ್ಟರನ್ನು ಗ್ರೆಗ್ ನೇಮಿಸಿಕೊಂಡಿದ್ದರು. ಕಾರ್ಖಾನೆಗೆಂದೇ ಡಾಕ್ಟರನ್ನು ಇಟ್ಟ ಮೊದಮೊದಲ ಉದಾಹರಣೆ ಇದೇ. ಬಂದ ಮಕ್ಕಳನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದರು, ಕಾಯಿಲೆಯಾದರೆ ನೋಡುತ್ತಿದ್ದರು, ಯಾರಿಗೆ ಏನು ಮದ್ದು ಕೊಟ್ಟೆ ಎಂದು ಬರೆದಿಡುತ್ತಿದ್ದರು. ಗ್ರೆಗ್‌ರ ಹೆಂಡತಿ ಹ್ಯಾನಾ ಓದಿಕೊಂಡ ಹೆಂಗಸು, ಹದಿಮೂರು ಮಕ್ಕಳ ತಾಯಿ. ಗಿರಣಿಯ ಮಕ್ಕಳಿಗೂ ಓದು ಬರಹ ಕಲಿಸುವ ವ್ಯವಸ್ಥೆ ಮಾಡಿದ್ದರು. ಅದು 12 ತಾಸಿನ ದುಡಿಮೆ ಮುಗಿದ ಮೇಲೆ ರಾತ್ರಿ.

ಇದನ್ನೇ ಕುರಿತು ನನಗೂ ಮಗಳಿಗೂ ಅಲ್ಲೇ ತೋಟದ ಬೆಂಚಿನ ಮೇಲೆ ಚರ್ಚೆ ಆಯಿತು. ಆ ಕಾಲಕ್ಕೆ ಗ್ರೆಗ್ ಒಳ್ಳೆಯ ಮಾಲೀಕರೇ, ಬೇರೆ ಗಿರಣಿಗಳಲ್ಲಿ ಹೊಡೆತ, ಹಸಿವು, ರಾತ್ರಿಪಾಳಿ ಎಲ್ಲ ಇತ್ತು, ಇಲ್ಲಿ ಊಟಕ್ಕಾದರೂ ಕೊರತೆ ಇರಲಿಲ್ಲ ಎಂದು ಅವಳ ವಾದ. ನಾನು ಇಲ್ಲ ಅನ್ನಲಿಲ್ಲ. ಆದರೆ ಅದಕ್ಕೇ ಈ ಜಾಗವನ್ನು ನೋಡಬೇಕು ಅನಿಸುತ್ತದೆ. ಕೆಟ್ಟ ಮಾಲೀಕನ ಕಥೆಯಾಗಿದ್ದರೆ ಅವನೊಬ್ಬನನ್ನು ಬೈದು ಮುಗಿಸಬಹುದಿತ್ತು. ಇಲ್ಲಿ ಡಾಕ್ಟರು ಇದ್ದಾರೆ, ತೋಟ ಇದೆ, ಪಾಟಿ ಇದೆ, ಚೊಕ್ಕ ಹಾಸಿಗೆ ಇದೆ. ಇಷ್ಟೆಲ್ಲ ಇದ್ದೂ ಬೆರಳು ಹೋದ ಹುಡುಗ ಅಮ್ಮನನ್ನು ನೋಡಲು ಕದ್ದು ಓಡಬೇಕಾಯಿತು. 1836ರಲ್ಲಿ ಎಸ್ತರ್ ಪ್ರೈಸ್ ಎಂಬ ಹುಡುಗಿ ಲಿವರ್‌ಪೂಲಿಗೆ ಓಡಿದಳು, ಮರಳಿದಾಗ ಇದೇ ಮನೆಯ ಒಂದು ಕೋಣೆಯಲ್ಲಿ ದಿನಗಟ್ಟಲೆ ಕೂಡಿಹಾಕಿದರು. ಚೊಕ್ಕಟ ಕೋಣೆಯೇ ಇರಬೇಕು ಅದೂ.

ಟ್ರಸ್ಟಿನವರು ಇದನ್ನು ಮುಚ್ಚಿಡುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ಗ್ರೆಗ್ ಮನೆತನಕ್ಕೆ ವೆಸ್ಟ್ ಇಂಡೀಸಿನ ಡೊಮಿನಿಕಾದಲ್ಲಿ ಹಿಲ್ಸ್‌ಬರೋ ಎಂಬ ತೋಟವಿತ್ತು, ಅಲ್ಲಿ ದುಡಿದವರು ಗುಲಾಮರು. ಈ ಗಿರಣಿಗೆ ಬಂದ ಅರಳೆಯ ಬಹುಪಾಲೂ ಗುಲಾಮರು ಬಿಡಿಸಿದ್ದೇ. ಇದನ್ನೂ ಅಲ್ಲಿ ಹೇಳುತ್ತಾರೆ.

ಇನ್ನು ಗಿರಣಿಯ ವಿಷಯ. ಇಳಿಜಾರಿನ ದಾರಿ, ಕಲ್ಲು ಹಾಸಿದೆ, ಮಳೆಯಲ್ಲಿ ಜಾರುತ್ತದೆ. ಮೊಳಕಾಲು ನೋವಿನವರು ಕೋಲು ಹಿಡಿದೇ ಹೋಗಿ. ಒಳಗೆ ಲಿಫ್ಟ್ ಇದೆ. ತಳಮನೆಯಲ್ಲಿ ನೀರಿನ ಚಕ್ರ. 1818ರಲ್ಲಿ ಹಾಕಿದ ಮೂಲ ಚಕ್ರ 32 ಅಡಿ ಎತ್ತರದ್ದಾಗಿತ್ತು, ಈಗಿರುವುದು ಯಾರ್ಕ್‌ಶೈರಿನ ಇನ್ನೊಂದು ಗಿರಣಿಯಿಂದ ತಂದದ್ದು. ಕತ್ತಲಲ್ಲಿ ಅದು ತಿರುಗುವಾಗ ಗೋಡೆಗೆ ಕೈ ಇಟ್ಟೆ, ಗೋಡೆ ನಡುಗುತ್ತಿತ್ತು.

ಮಗ್ಗದ ಅಂತಸ್ತಿನಲ್ಲಿ ನಿಜವಾಗಿ ಮಗ್ಗ ಓಡಿಸಿ ತೋರಿಸುತ್ತಾರೆ. ಓಡಿದ್ದು ಬೆರಳೆಣಿಕೆಯ ಮಗ್ಗ, ಮೊಮ್ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ನನಗೆ ಅದು ಸದ್ದು ಅನಿಸಲೇ ಇಲ್ಲ. ಹಿಂದೆ ಇಡೀ ಅಂತಸ್ತಿಗೆ ಮಗ್ಗವೇ ತುಂಬಿದ್ದಾಗ ಇಲ್ಲಿಯ ಹೆಂಗಸರು ತುಟಿಯಾಡಿಸಿ, ಬಾಯಿ ಅಗಲಿಸಿ, ದನಿಯಿಲ್ಲದೆ ಮಾತಾಡುತ್ತಿದ್ದರು ಎಂದು ಮಾರ್ಗದರ್ಶಿ ಮಾಡಿ ತೋರಿಸಿದರು. ನಮ್ಮ ಅಮ್ಮ ಅಜ್ಜನ ಜೊತೆ ಹಾಗೆಯೇ ಮಾತಾಡುತ್ತಿದ್ದಳು. ಮೂವತ್ತಕ್ಕೇ ಅಜ್ಜನ ಕಿವಿ ಹೋಗಿತ್ತು. ಊಟಕ್ಕೆ ಕರೆಯಲು ಬಾಗಿಲಲ್ಲಿ ನಿಂತು ತುಟಿಯಷ್ಟೇ ಆಡಿಸುತ್ತಿದ್ದಳು, ಅಜ್ಜ ಅಂಗಳದಿಂದಲೇ ತಲೆ ಆಡಿಸಿ ಎದ್ದುಬರುತ್ತಿದ್ದ. ಹೊಸಬರು ನೋಡಿದರೆ ಇಬ್ಬರೂ ಮೂಕರು ಅಂದುಕೊಳ್ಳಬೇಕು.

ನಾನು ಹೆಚ್ಚು ಹೊತ್ತು ನಿಂತದ್ದು ಸ್ಪಿನ್ನಿಂಗ್ ಮ್ಯೂಲ್ ಎಂಬ ನೂಲು ತೆಗೆಯುವ ಹಳೆಯ ಯಂತ್ರದ ಹತ್ತಿರ. ನಮ್ಮ ಕಾಲಕ್ಕೆ ರಿಂಗ್‌ಫ್ರೇಮು, ಮ್ಯೂಲನ್ನು ನಾನು ಹೆಸರಲ್ಲಿ ಮಾತ್ರ ಕೇಳಿದ್ದೆ. ಉದ್ದಕ್ಕೆ ಒಂದು ಬಂಡಿ, ಅದರ ಮೇಲೆ ಸಾಲಾಗಿ ಕದಿರುಗಳು. ರೋಲರುಗಳಿರುವ ತೊಲೆಯಿಂದ ಬಂಡಿ ಹಿಂದಕ್ಕೆ ಸರಿದಂತೆ ನೂರಾರು ಎಳೆ ಒಟ್ಟಿಗೆ ಹಿಗ್ಗಿ ಹುರಿಗೊಳ್ಳುತ್ತವೆ. ಮುಂದಕ್ಕೆ ಬಂದಾಗ ಅಷ್ಟೂ ಎಳೆ ಕದಿರಿಗೆ ಸುತ್ತಿಕೊಳ್ಳುತ್ತದೆ. ನೋಡಲು ಬಹಳ ಚಂದ, ಅಲೆ ಹೋಗಿ ಬಂದ ಹಾಗೆ. ಬಂಡಿ ಹಿಂದೆ ಸರಿದಾಗ ಎಳೆಗಳ ಕೆಳಗೆ ಮಂಡಿಯೆತ್ತರದ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿಗೆ ಮಗು ತೆವಳಿಕೊಂಡು ಹೋಗಬೇಕು, ನೆಲದ ಮೇಲಿನ ಹತ್ತಿಯ ಕಸ ಬಳಿಯಬೇಕು, ಬಂಡಿ ಮರಳಿ ಬರುವುದರೊಳಗೆ ಹೊರಗೆ ಬರಬೇಕು. ದಿನವೆಲ್ಲ ಇದೇ ಕೆಲಸ. ಯಂತ್ರ ನಿಲ್ಲಿಸುವುದಿಲ್ಲ, ಏಕೆಂದರೆ ನಿಲ್ಲಿಸಿದರೆ ನೂಲು ನಿಲ್ಲುತ್ತದೆ. ನಾನು ಬಂಡಿ ಹೋಗಿ ಬರುವ ಹೊತ್ತನ್ನು ಮನಸ್ಸಿನಲ್ಲೇ ಎಣಿಸಿದೆ. ಎಣಿಕೆ ಹತ್ತಕ್ಕೆ ಹೋಗುವ ಮೊದಲೇ ಬಂಡಿ ಎದುರಿಗಿತ್ತು.

1865ರ ಮಾರ್ಚ್‌ನಲ್ಲಿ ಜೋಸೆಫ್ ಫೋಡನ್ ಎಂಬ 13ರ ಹುಡುಗ ಇದೇ ಗಿರಣಿಯಲ್ಲಿ ಮ್ಯೂಲ್ ಕೆಳಗೆ ಗುಡಿಸುತ್ತಿದ್ದಾಗ ಬಂಡಿಗೂ ರೋಲರ್ ತೊಲೆಗೂ ನಡುವೆ ತಲೆ ಸಿಕ್ಕಿ ಅಲ್ಲೇ ಸತ್ತ. ವರ್ಷವನ್ನು ಗಮನಿಸಿ. ಇಂಗ್ಲೆಂಡಿನಲ್ಲಿ 1802ರಲ್ಲೇ ಅಪ್ರೆಂಟಿಸ್ ಮಕ್ಕಳಿಗೆ 12 ತಾಸಿನ ಮಿತಿ ಬಂದಿತ್ತು. 1833ರ ಕಾಯ್ದೆ ಒಂಬತ್ತರೊಳಗಿನವರನ್ನು ಹೊರಗಿಟ್ಟು, ನೋಡಿಕೊಳ್ಳಲು ನಾಲ್ವರು ಇನ್ಸ್‌ಪೆಕ್ಟರರನ್ನು ನೇಮಿಸಿತ್ತು. ಈ ಗಿರಣಿಯ ಅಪ್ರೆಂಟಿಸ್ ಪದ್ಧತಿಯೇ 1847ಕ್ಕೆ ಮುಗಿದಿತ್ತು. ಅಷ್ಟಾಗಿ 18 ವರ್ಷ ಕಳೆದ ಮೇಲೂ ಮ್ಯೂಲ್ ಕೆಳಗೆ ಒಬ್ಬ ಹುಡುಗ ಇದ್ದ. ನಾನು ಇಡೀ ದಿನದಲ್ಲಿ ಕೇಳಿದ ಮಾತುಗಳಲ್ಲಿ ಇದೊಂದು ಇನ್ನೂ ತಲೆಯಿಂದ ಹೋಗಿಲ್ಲ. ನಮ್ಮಲ್ಲೂ 14ರೊಳಗಿನವರು ಕಾರ್ಖಾನೆಯಲ್ಲಿ ದುಡಿಯಬಾರದು ಎಂದು ಸಂವಿಧಾನದ 24ನೇ ವಿಧಿಯಲ್ಲೇ ಇದೆ. ಆದರೂ ನಾನು ಬದ್ಲಿಯಾಗಿದ್ದ ದಿನಗಳಲ್ಲಿ ಇನ್ಸ್‌ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂದಾಗ ಕ್ಯಾಂಟೀನಿನ ಹುಡುಗರನ್ನು ಹಿಂದಿನ ಗೇಟಿನಿಂದ ಕಳಿಸಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಆಗ ನಾನು ಏನೂ ಮಾತಾಡಲಿಲ್ಲ. ಆಡಬೇಕಿತ್ತು.

ಮ್ಯೂಲ್ ಓಡುತ್ತಿದ್ದಾಗ ಒಂದು ಎಳೆ ಕಡಿಯಿತು. ಎಲ್ಲರೂ ಬಂಡಿಯನ್ನು ನೋಡುತ್ತಿದ್ದರು, ನನ್ನ ಕಣ್ಣು ತಾನಾಗಿ ಅಲ್ಲಿಗೇ ಹೋಯಿತು. ಕೂಗಿದರೆ ಕೇಳಿಸುವುದಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆಯುವ ಸನ್ನೆ ಮಾಡಿ ಕೈ ತೋರಿಸಿದೆ. ಯಂತ್ರದ ಹತ್ತಿರ ಇದ್ದಾತ ತಕ್ಷಣ ಅತ್ತ ತಿರುಗಿದ, ಬಾಗಿ ಅದೇ ಎರಡು ಬೆರಳಲ್ಲಿ ಎಳೆ ಕೂಡಿಸಿದ. ಆಮೇಲೆ ಬಂದು ಕೈ ಕುಲುಕಿ, ಯಾವ ಗಿರಣಿ ನಿಮ್ಮದು ಅಂತ ಕೇಳಿದ. ಮಗಳು ನನ್ನ ಪರವಾಗಿ ಹೇಳುತ್ತಾ ಹೋದಳು. ಆತನ ತೋರುಬೆರಳಿನ ತುದಿಯಲ್ಲೂ ನನ್ನದರ ಹಾಗೆಯೇ ಎಳೆ ಉಜ್ಜಿದ ಗೆರೆ ಇತ್ತು.

ಹೋಗುವವರಿಗೆ ಇನ್ನೆರಡು ಮಾತು. ತೀರ ಸಣ್ಣ ಮಕ್ಕಳಿಗೆ ಮಗ್ಗದ ಸದ್ದು ಹೆದರಿಕೆಯಾಗಬಹುದು, ಎಂಟು ಒಂಬತ್ತರ ಮೇಲಿನವರನ್ನು ತಪ್ಪದೆ ಕರೆದೊಯ್ಯಿರಿ. ಇಡೀ ದಿನ ಇಟ್ಟುಕೊಳ್ಳಿ, ಮೇಲಂಗಿ ಇರಲಿ. ಸ್ಟೈಯಲ್ ಸ್ಟೇಷನ್ನಿಗೆ ರೈಲು ಸಿಗದಿದ್ದರೆ ಪಕ್ಕದ ಊರು ವಿಲ್ಮ್‌ಸ್ಲೋದಲ್ಲಿ ಇಳಿದುಕೊಳ್ಳುವುದು ಲೇಸು. ಮಾಲೀಕರ ಮನೆ, ಅದರ ಹೂದೋಟ ಎಲ್ಲ ಗಿರಣಿಗೆ ತಾಗಿಕೊಂಡೇ ಇವೆ, ನಾನು ಬೇಗ ಬೇಗ ನೋಡಿ ಬಂದೆ. ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ.

ಬರುವ ಏಪ್ರಿಲ್‌ನಲ್ಲಿ ನನ್ನಾಕೆ ಬರುತ್ತಾಳೆ. ಅವಳನ್ನು ಕರೆದುಕೊಂಡು ಮತ್ತೆ ಹೋಗುತ್ತೇನೆ. ಈ ಸಲ ಟ್ಯಾಕ್ಸಿ ಬೇಡ. ಗಿರಣಿಯ ಮಕ್ಕಳು ಭಾನುವಾರ ಭಾನುವಾರ ಸಾಲಾಗಿ ವಿಲ್ಮ್‌ಸ್ಲೋ ಚರ್ಚಿಗೆ ನಡೆದುಹೋಗುತ್ತಿದ್ದರು. ವಿಲ್ಮ್‌ಸ್ಲೋದಿಂದ ಬಾಲಿನ್ ಹೊಳೆಯ ದಂಡೆಗುಂಟ ಈಗಲೂ ಕಾಲುದಾರಿ ಇದೆ. ಅದನ್ನೇ ಹಿಡಿದು ಮಕ್ಕಳ ಮನೆಯವರೆಗೂ ನಡೆಯಬೇಕೆಂದಿದ್ದೇವೆ.